ಕಡಲ ಬಸವನಹುಳುವಿನ ಸಾರ: ಉರಿಯೂತಕ್ಕೆ ಮದ್ದಾಗುವ ದಾರಿ ಎಷ್ಟು ದೂರ?

ಕೋಟೆನಾಡು ಚಿತ್ರದುರ್ಗಕ್ಕೂ ಅರಬ್ಬಿ ಸಮುದ್ರಕ್ಕೂ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ಅಂತರವಿದೆ. ಆದರೂ ಕಡಲ ಬಸವನಹುಳುವಿನ ಚಿಪ್ಪು ಈ ಬಯಲುಸೀಮೆಯ ಜನರಿಗೆ ಹೊಸದಲ್ಲ. ದಾಸಯ್ಯ ಊದುವ ಶಂಖ, ಗೊರವಯ್ಯನ ಕೊರಳಿನ ಕವಡೆ ಸರ, ಜಗಲಿಯ ಮೇಲಿನ ಚೌಕಾಬಾರದ ಕವಡೆ, ಗ್ರಂಧಿಗೆ ಅಂಗಡಿಯ ಶಂಖಭಸ್ಮ, ಇವೆಲ್ಲವೂ ಕಡಲಿನ ಬಸವನಹುಳುಗಳು ಬಿಟ್ಟುಹೋದ ಮನೆಗಳೇ ಆಗಿವೆ. ಚಿಪ್ಪಿನೊಳಗಿದ್ದ ಮೆದು ದೇಹದ ಕಡೆಗೆ ವಿಜ್ಞಾನಿಗಳ ಗಮನ ಹರಿದದ್ದು ಮಾತ್ರ ಈಚಿನ ದಶಕಗಳಲ್ಲಿ. ಆ ದೇಹದ ಗ್ರಂಥಿಗಳಿಂದ ತೆಗೆದ ಸಾರಕ್ಕೆ ಉರಿಯೂತವನ್ನು ತಗ್ಗಿಸುವ ಗುಣವಿದೆ ಎಂದು ಹಲವು ಪ್ರಯೋಗಾಲಯಗಳು ವರದಿ ಮಾಡಿವೆ.

ಕೀಲುನೋವಿನಿಂದ ಬಳಲುವವರಿಗೆ ಇಂತಹ ಸುದ್ದಿ ಆಸೆ ಹುಟ್ಟಿಸುವುದು ಸಹಜ. ಆದರೆ 'ಕಡಲ ಬಸವನಹುಳುವಿನ ಔಷಧಿ' ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ವಸ್ತುಗಳು ಬೆರೆತುಹೋಗಿವೆ. ಒಂದು, ಚಿಪ್ಪನ್ನು ಸುಟ್ಟು ಮಾಡಿದ ಭಸ್ಮ. ಎರಡು, ದೇಹದ ಗ್ರಂಥಿಗಳಿಂದ ತೆಗೆದ ಸಾರ. ಮೂರು, ವಿಷದಿಂದ ಬೇರ್ಪಡಿಸಿದ ಶುದ್ಧ ಅಣು. ಈ ಮೂರರ ಗುಣವೂ ಬೇರೆ, ಅವುಗಳಿಗಿರುವ ಸಾಕ್ಷ್ಯವೂ ಬೇರೆ. ಯಾವುದು ಎಲ್ಲಿಗೆ ತಲುಪಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾವುದು ಈ ಜೀವಿ?

ಮೃದ್ವಂಗಿಗಳಲ್ಲಿ ಉದರಪಾದಿಗಳೆಂಬ ವರ್ಗಕ್ಕೆ ಸೇರಿದವು ಬಸವನಹುಳುಗಳು. ಹೊಟ್ಟೆಯ ಭಾಗವನ್ನೇ ಪಾದವಾಗಿಸಿಕೊಂಡು ತೆವಳುವುದರಿಂದ ಈ ಹೆಸರು. ಮಳೆಗಾಲದಲ್ಲಿ ತೋಟದಲ್ಲಿ ಕಾಣುವ ನೆಲದ ಬಸವನಹುಳು ಇದೇ ವರ್ಗದ್ದಾದರೂ ಕಡಲಿನವು ರೂಪದಲ್ಲೂ ಬದುಕಿನಲ್ಲೂ ಅದಕ್ಕಿಂತ ಬಹಳ ವೈವಿಧ್ಯವುಳ್ಳವು. ಪೂಜೆಯ ಶಂಖ 'ಟರ್ಬಿನೆಲ್ಲಾ ಪೈರಮ್' ಎಂಬ ಜಾತಿಯ ಚಿಪ್ಪು. ತಮಿಳುನಾಡಿನ ತೂತುಕುಡಿ ಸುತ್ತಲಿನ ಮನ್ನಾರ್ ಕೊಲ್ಲಿ ಅದಕ್ಕೆ ಬಹುಕಾಲದಿಂದ ಹೆಸರಾಗಿದೆ. ಕವಡೆಗಳದು ಇನ್ನೊಂದು ಕುಟುಂಬ. ಮ್ಯೂರಿಸಿಡೇ ಕುಟುಂಬದವು ಬಂಡೆಗಳಿಗೆ ಅಂಟಿಕೊಂಡು ಬದುಕುವ ಬೇಟೆಗಾರರು. ಇತರ ಚಿಪ್ಪುಜೀವಿಗಳ ಚಿಪ್ಪನ್ನು ಕೊರೆದು ಒಳಗಿನ ಮಾಂಸವನ್ನು ತಿನ್ನುತ್ತವೆ. ಕಾರವಾರದಿಂದ ಮಂಗಳೂರಿನವರೆಗಿನ ಕಲ್ಲು ದಂಡೆಗಳಲ್ಲೂ ಈ ಕುಟುಂಬದ ಸದಸ್ಯರಿದ್ದಾರೆ. ಶಂಕುವಿನಾಕಾರದ ಚಿಪ್ಪಿನ ಕೋನಸ್ ಗುಂಪಿನವು ವಿಷದ ಈಟಿಯನ್ನು ಚುಚ್ಚಿ ಬೇಟೆಯಾಡುತ್ತವೆ.

ಕರಾವಳಿಯಲ್ಲಿ ಆಹಾರವಾಗಿ ಬಳಕೆಯಲ್ಲಿರುವ ಪಚ್ಚಿಲೆ ಅಥವಾ ನೀಲಿಕಲ್ಲು, ಬಳಚು, ಮರುವಾಯಿ ಮುಂತಾದವು ಎರಡು ಚಿಪ್ಪಿನ ಜೀವಿಗಳು. ಅವೂ ಮೃದ್ವಂಗಿಗಳೇ ಆದರೂ ಬಸವನಹುಳುಗಳಲ್ಲ. ಉರಿಯೂತದ ವಿಚಾರದಲ್ಲಿ ಈ ಎರಡು ಗುಂಪುಗಳ ಸಂಶೋಧನೆಯನ್ನು ಹಲವರು ಒಂದೇ ಎಂದು ಭಾವಿಸುವುದುಂಟು.

ಉರಿಯೂತ ಎಂದರೇನು?

ಉರಿಯೂತ ಸ್ವತಃ ರೋಗವಲ್ಲ, ದೇಹದ ರಕ್ಷಣಾ ಕ್ರಮ. ಗಾಯವಾದಾಗ ಅಥವಾ ರೋಗಾಣು ಒಳಹೊಕ್ಕಾಗ ಆ ಜಾಗಕ್ಕೆ ರಕ್ತದ ಹರಿವು ಹೆಚ್ಚುತ್ತದೆ. ಬಿಳಿ ರಕ್ತಕಣಗಳು ಧಾವಿಸುತ್ತವೆ. ಕೆಂಪು, ಬಿಸಿ, ಬಾವು, ನೋವು ಎಂಬ ನಾಲ್ಕು ಲಕ್ಷಣಗಳನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್‌ನ ಗ್ರಂಥಕಾರ ಸೆಲ್ಸಸ್ ದಾಖಲಿಸಿದ್ದಾನೆ. ಆಯುರ್ವೇದದಲ್ಲಿ ಬಾವನ್ನು 'ಶೋಥ' ಎಂದು ಕರೆಯಲಾಗಿದೆ. ಕೆಲಸ ಮುಗಿದ ಮೇಲೆ ಉರಿಯೂತ ತಾನಾಗಿ ಇಳಿಯಬೇಕು. ಅದು ಇಳಿಯದೆ ತಿಂಗಳುಗಟ್ಟಲೆ ಮುಂದುವರಿದಾಗ, ಅಥವಾ ದೇಹ ತನ್ನದೇ ಅಂಗಾಂಶದ ಮೇಲೆ ತಿರುಗಿ ಬಿದ್ದಾಗ, ಸಂಧಿವಾತದಂತಹ ರೋಗಗಳು ಕಾಣಿಸಿಕೊಳ್ಳುತ್ತವೆ.

ಈ ಕ್ರಿಯೆಯನ್ನು ನಡೆಸುವ ರಾಸಾಯನಿಕ ಸಂದೇಶವಾಹಕಗಳು ಹಲವಾರು. ಭಕ್ಷಕ ಕೋಶಗಳು ಹೊರಬಿಡುವ ಟಿಎನ್‌ಎಫ್-ಆಲ್ಫಾ ಎಂಬ ಪ್ರೋಟೀನು, ನೈಟ್ರಿಕ್ ಆಕ್ಸೈಡ್, ಹಾಗೂ ಕೋಶಪೊರೆಯ ಕೊಬ್ಬಿನಿಂದ ತಯಾರಾಗುವ ಪ್ರೋಸ್ಟಗ್ಲಾಂಡಿನ್ ಮತ್ತು ಲ್ಯೂಕೋಟ್ರೈನ್‌ಗಳು ಅವುಗಳಲ್ಲಿ ಮುಖ್ಯವಾದವು. ಪ್ರೋಸ್ಟಗ್ಲಾಂಡಿನ್ ತಯಾರಿಕೆಗೆ ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವೂ, ಲ್ಯೂಕೋಟ್ರೈನ್ ತಯಾರಿಕೆಗೆ ಲಿಪಾಕ್ಸಿಜನೇಸ್ ಎಂಬ ಕಿಣ್ವವೂ ಬೇಕು. ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುವ ಮೂಲಕ ಕೆಲಸ ಮಾಡುತ್ತದೆ ಎಂಬುದನ್ನು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. ಅವರಿಗೆ 1982ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಈಗ ಬಳಕೆಯಲ್ಲಿರುವ ನೋವು ನಿವಾರಕ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೊದಲಾದವು ಇದೇ ಹಾದಿಯಲ್ಲಿ ಕೆಲಸ ಮಾಡುತ್ತವೆ. ದೀರ್ಘಕಾಲ ಸೇವಿಸಿದರೆ ಜಠರದ ಹುಣ್ಣು, ರಕ್ತಸ್ರಾವ ಹಾಗೂ ಮೂತ್ರಪಿಂಡದ ತೊಂದರೆ ಉಂಟಾಗುವ ಅಪಾಯ ಇವುಗಳಿಗಿದೆ. ಜಠರಕ್ಕೆ ಸೌಮ್ಯವೆಂದು ಬಂದ ರೋಫೆಕಾಕ್ಸಿಬ್ ಎಂಬ ಔಷಧಿಯನ್ನು ಹೃದಯಾಘಾತದ ಅಪಾಯದ ಕಾರಣ 2004ರಲ್ಲಿ ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಹೊಸ ಮೂಲಗಳಿಗಾಗಿ ಕಡಲಿನತ್ತ ನೋಡುವುದಕ್ಕೆ ಈ ಮಿತಿಗಳೇ ಮುಖ್ಯ ಪ್ರೇರಣೆ.

ನೇರಳೆ ಬಣ್ಣದ ಗ್ರಂಥಿ

ಮ್ಯೂರಿಸಿಡೇ ಕುಟುಂಬದ ಹುಳುಗಳ ದೇಹದಲ್ಲಿ ಕಿವಿರಿನ ಬಳಿ ಒಂದು ಗ್ರಂಥಿಯಿದೆ. ಅದರ ದ್ರವವನ್ನು ಗಾಳಿ ಮತ್ತು ಬೆಳಕಿಗೆ ಒಡ್ಡಿದರೆ ಹಳದಿಯಿಂದ ಹಸಿರಿಗೆ, ಕೊನೆಗೆ ನೇರಳೆಗೆ ತಿರುಗುತ್ತದೆ. ಜೊತೆಗೆ ಗಂಧಕದ ದುರ್ನಾತವೂ ಹೊಮ್ಮುತ್ತದೆ. ಮೆಡಿಟರೇನಿಯನ್ ತೀರದ ಫೀನಿಷಿಯನ್ನರು ರಾಜವಸ್ತ್ರಗಳಿಗೆ ಹಾಕುತ್ತಿದ್ದ 'ಟೈರಿನ ನೇರಳೆ' ಬಣ್ಣ ಇದೇ. ಜರ್ಮನ್ ಭಾಷಿಕ ರಸಾಯನವಿಜ್ಞಾನಿ ಪಾಲ್ ಫ್ರೀಡ್‌ಲೆಂಡರ್ 1909ರಲ್ಲಿ ಸುಮಾರು 12,000 ಹುಳುಗಳಿಂದ 1.4 ಗ್ರಾಂ ಬಣ್ಣ ಪಡೆದು, ಅದು ನೀಲಿಯ ಅಣುವಿಗೆ ಎರಡು ಬ್ರೋಮಿನ್ ಪರಮಾಣುಗಳು ಸೇರಿ ಆದದ್ದು ಎಂದು ಸಾಬೀತುಪಡಿಸಿದರು. ಈ ಅಂಕಿ ಬಣ್ಣಕ್ಕಷ್ಟೇ ಅಲ್ಲ, ಔಷಧಿಯ ಲೆಕ್ಕಾಚಾರಕ್ಕೂ ಮುಖ್ಯವಾದದ್ದು.

ಬಣ್ಣ ರೂಪುಗೊಳ್ಳುವ ದಾರಿಯಲ್ಲಿ ಬ್ರೋಮಿನ್ ಹೊತ್ತ ಇಂಡೋಲ್ ಎಂಬ ಹಲವು ಮಧ್ಯಂತರ ಸಂಯುಕ್ತಗಳು ಹುಟ್ಟುತ್ತವೆ. ಟೈರಿಂಡೊಲೆನಿನೋನ್ ಮತ್ತು 6-ಬ್ರೋಮೋಐಸಾಟಿನ್ ಅವುಗಳಲ್ಲಿ ಪ್ರಮುಖ. ಹುಳು ತನ್ನ ಮೊಟ್ಟೆಯ ಕೋಶಗಳನ್ನು ರೋಗಾಣುಗಳಿಂದ ಕಾಪಾಡಲು ಈ ಸಂಯುಕ್ತಗಳನ್ನು ಬಳಸುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ.

ಈ ದಿಕ್ಕಿನಲ್ಲಿ ಅತ್ಯಂತ ವ್ಯವಸ್ಥಿತ ಕೆಲಸ ನಡೆದದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಕಲ್ಲು ದಂಡೆಯ 'ಡಿಕಾಥೈಸ್ ಆರ್ಬಿಟಾ' ಎಂಬ ಬಸವನಹುಳುವಿನ ಗ್ರಂಥಿಸಾರವನ್ನು ಕರ್ಸ್ಟನ್ ಬೆಂಕೆಂಡಾರ್ಫ್ ಮತ್ತು ಅವರ ಸಂಗಡಿಗರು ಹಲವು ವರ್ಷಗಳಿಂದ ಅಭ್ಯಸಿಸಿದ್ದಾರೆ. 2017ರಲ್ಲಿ ಪ್ರಕಟವಾದ ಅವರ ವರದಿಗಳ ಪ್ರಕಾರ, ಕೃತಕವಾಗಿ ಉರಿಯೂತಕ್ಕೆ ಪ್ರಚೋದಿಸಿದ ಭಕ್ಷಕ ಕೋಶಗಳಿಗೆ ಈ ಸಾರವನ್ನು ಸೇರಿಸಿದಾಗ ನೈಟ್ರಿಕ್ ಆಕ್ಸೈಡ್ ಮತ್ತು ಟಿಎನ್‌ಎಫ್-ಆಲ್ಫಾ ಉತ್ಪಾದನೆ ತಗ್ಗಿತು. ಸಾರದಲ್ಲಿನ ಬ್ರೋಮಿನ್ ಇಂಡೋಲ್‌ಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿದಾಗಲೂ ಇದೇ ಪರಿಣಾಮ ಕಂಡಿತು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ, ಬ್ಯಾಕ್ಟೀರಿಯಾದ ವಿಷದಿಂದ ಶ್ವಾಸಕೋಶದ ಉರಿಯೂತಕ್ಕೆ ಗುರಿಪಡಿಸಿದ ಇಲಿಗಳಿಗೆ ಸಾರವನ್ನೂ 6-ಬ್ರೋಮೋಐಸಾಟಿನ್ ಅನ್ನೂ ನೀಡಲಾಯಿತು. ಶ್ವಾಸಕೋಶಕ್ಕೆ ನುಗ್ಗುವ ಬಿಳಿ ರಕ್ತಕಣಗಳೂ ಅಂಗಾಂಶದ ಹಾನಿಯೂ ಕಡಿಮೆಯಾದವು.

ಪ್ರಾಣಿಯ ಜೀವಂತ ದೇಹದಲ್ಲಿ ಪರಿಣಾಮ ಕಂಡಿತು, ಕೆಲಸ ಮಾಡುವ ಅಣು ಯಾವುದೆಂದು ಗುರುತಿಸಲಾಯಿತು ಎಂಬ ಎರಡು ಕಾರಣಗಳಿಂದ ಇದು ಮಹತ್ವದ ಹೆಜ್ಜೆ. 6-ಬ್ರೋಮೋಐಸಾಟಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಬಹುದಾದ ಕಾರಣ ಸಾವಿರಾರು ಹುಳುಗಳನ್ನು ಕೊಲ್ಲುವ ಅಗತ್ಯವೂ ಬೀಳದು. ಆದರೆ ಇಲಿಗೆ ಒಗ್ಗಿದ್ದು ಮನುಷ್ಯನ ಮಂಡಿನೋವಿಗೆ ಒಗ್ಗಲೇಬೇಕೆಂಬ ನಿಯಮವಿಲ್ಲ.

ಭಸ್ಮ ಬೇರೆ, ಸಾರ ಬೇರೆ

ಭಾರತೀಯ ವೈದ್ಯ ಪರಂಪರೆಗೆ ಕಡಲ ಬಸವನಹುಳು ಹಳೆಯ ಪರಿಚಯ. ಶಂಖಭಸ್ಮ ಹಾಗೂ ಕವಡೆಯಿಂದ ಮಾಡುವ ಕಪರ್ದಿಕಾ ಭಸ್ಮ ಆಯುರ್ವೇದ ಔಷಧಾಲಯಗಳಲ್ಲಿ ಇಂದಿಗೂ ದೊರೆಯುತ್ತವೆ. ಚಿಪ್ಪನ್ನು ನಿಂಬೆರಸದಂತಹ ಹುಳಿ ದ್ರವದಲ್ಲಿ ಬೇಯಿಸಿ ಶೋಧಿಸುವುದು, ಲೋಳೆಸರದ ರಸದಲ್ಲಿ ಅರೆಯುವುದು, ಮಣ್ಣಿನ ಶರಾವದಲ್ಲಿ ಮುಚ್ಚಿ ಬೆರಣಿಯ ಬೆಂಕಿಯಲ್ಲಿ ಪುಟ ಹಾಕುವುದು ಇದರ ಸಾಮಾನ್ಯ ಕ್ರಮ. ಆಮ್ಲಪಿತ್ತ, ಅಜೀರ್ಣ, ಗ್ರಹಣಿ ಮೊದಲಾದ ಹೊಟ್ಟೆಯ ತೊಂದರೆಗಳಿಗೆ ವೈದ್ಯರು ಇದನ್ನು ಸೂಚಿಸುತ್ತಾರೆ.

ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹೆಚ್ಚಿನ ಶಾಖದಲ್ಲಿ ಅದು ಸುಣ್ಣವಾಗುತ್ತದೆ. ಜಠರದ ಹುಳಿಯನ್ನು ಇಂತಹ ಕ್ಷಾರ ವಸ್ತು ತಣಿಸುವುದು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಅರ್ಥವಾಗುವ ಸಂಗತಿ. ಆದರೆ ಪುಟದ ಬೆಂಕಿಯಲ್ಲಿ ಪ್ರೋಟೀನು, ಪೆಪ್ಟೈಡು, ಇಂಡೋಲು, ಕೊಬ್ಬಿನಾಮ್ಲ ಯಾವುದೂ ಉಳಿಯದು. ಹಾಗಾಗಿ ಆಸ್ಟ್ರೇಲಿಯಾದ ಗ್ರಂಥಿಸಾರದ ಫಲಿತಾಂಶವನ್ನು ತೋರಿಸಿ ಶಂಖಭಸ್ಮಕ್ಕೆ ಉರಿಯೂತ ಶಮನದ ಗುಣವನ್ನು ಆರೋಪಿಸುವುದು ಸರಿಯಲ್ಲ. ಭಸ್ಮದ ಯೋಗ್ಯತೆ ಅದರದೇ ಪರೀಕ್ಷೆಗಳಿಂದ ತೀರ್ಮಾನವಾಗಬೇಕು.

ಆಯುರ್ವೇದದಲ್ಲಿ 'ನಖ' ಅಥವಾ 'ನಖಿ' ಎಂಬ ಮತ್ತೊಂದು ದ್ರವ್ಯವಿದೆ. ಹುಳು ತನ್ನ ಚಿಪ್ಪಿನ ಬಾಯಿಯನ್ನು ಮುಚ್ಚಿಕೊಳ್ಳಲು ಬಳಸುವ ಉಗುರಿನಂತಹ ಮುಚ್ಚಳವೇ ಇದು. ಸುಗಂಧ ದ್ರವ್ಯವಾಗಿಯೂ ಔಷಧೀಯ ತೈಲಗಳಲ್ಲಿಯೂ ಇದರ ಬಳಕೆಯಿದೆ. ಇದು ಪೂರ್ತಿ ಸುಟ್ಟ ವಸ್ತುವಲ್ಲವಾದ್ದರಿಂದ ರಾಸಾಯನಿಕ ಅಧ್ಯಯನಕ್ಕೆ ಭಸ್ಮಕ್ಕಿಂತ ಹೆಚ್ಚು ಅವಕಾಶವಿರುವ ದ್ರವ್ಯ ಎನ್ನಬಹುದು.

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ

ಕಡಲಿಲ್ಲದ ಬೆಂಗಳೂರು ಭಾರತದ ಕಡಲ ಬಸವನಹುಳು ಸಂಶೋಧನೆಯಲ್ಲಿ ಗಣನೀಯ ಸ್ಥಾನ ಪಡೆದಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹಾಗೂ ಅದರ ಅಂಗವಾಗಿ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೆ.ಎಸ್. ಕೃಷ್ಣನ್ ಅವರು ಭಾರತದ ಆಗ್ನೇಯ ಕರಾವಳಿಯ ಶಂಕುಚಿಪ್ಪಿನ ಬಸವನಹುಳುಗಳ ವಿಷವನ್ನು ಸಂಗ್ರಹಿಸಿ ಅಧ್ಯಯನಕ್ಕೆ ತೊಡಗಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಹಾಗೂ ಅವರ ಸಂಗಡಿಗರು ಆ ವಿಷದ ಪೆಪ್ಟೈಡುಗಳ ರಚನೆಯನ್ನು ಬಿಡಿಸಿದರು. ಪೆಪ್ಟೈಡು ಎಂದರೆ ಕೆಲವೇ ಅಮೈನೋ ಆಮ್ಲಗಳ ಸರಪಳಿ, ಅಂದರೆ ಪ್ರೋಟೀನಿನ ಪುಟ್ಟ ರೂಪ.

ಈ ತಂಡ 2003ರಲ್ಲಿ 'ಕೋನಸ್ ಅಮಾಡಿಸ್' ಎಂಬ ಜಾತಿಯಿಂದ ಸೋಡಿಯಂ ನಾಲೆಗಳ ಮೇಲೆ ಕೆಲಸ ಮಾಡುವ ಪೆಪ್ಟೈಡನ್ನೂ, 2004ರಲ್ಲಿ 'ಕೋನಸ್ ಮೊನೈಲ್' ಎಂಬ ಜಾತಿಯಿಂದ ಪೊಟ್ಯಾಸಿಯಂ ನಾಲೆಗಳನ್ನು ಗುರಿಯಾಗಿಸುವ 13 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡನ್ನೂ ವರದಿ ಮಾಡಿತು. ನರಕೋಶಗಳು ಸಂದೇಶ ಸಾಗಿಸುವುದೇ ಈ ನಾಲೆಗಳ ತೆರೆ-ಮುಚ್ಚುವಿಕೆಯಿಂದ. ಭಾರತದ ಶಂಕುಚಿಪ್ಪಿನ ಹುಳುಗಳಲ್ಲಿ ಚಿಕಿತ್ಸೆಗೆ ಭರವಸೆ ನೀಡುವ ಪೆಪ್ಟೈಡುಗಳಿವೆ ಎಂದು ತಂಡ 2005ರಲ್ಲಿ ಸಮಗ್ರ ವರದಿ ಪ್ರಕಟಿಸಿತು. ಬಲರಾಮ್ 2005ರಿಂದ 2014ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಕೃಷ್ಣನ್ 2014ರಲ್ಲಿ ನಿಧನರಾದರು.

ಇಡೀ ಕಡಲ ಬಸವನಹುಳು ಲೋಕದಿಂದ ರೋಗಿಯ ಹಾಸಿಗೆಯವರೆಗೆ ತಲುಪಿದ ಔಷಧಿಯೂ ಇದೇ ಗುಂಪಿನದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫಿಲಿಪೀನ್ಸ್ ಮೂಲದ ಬಾಲ್ಡೊಮೆರೊ ಒಲಿವೆರಾ ಅವರ ಪ್ರಯೋಗಾಲಯ 'ಕೋನಸ್ ಮಾಗಸ್' ಹುಳುವಿನ ವಿಷದಲ್ಲಿ 25 ಅಮೈನೋ ಆಮ್ಲಗಳ ಒಂದು ಪೆಪ್ಟೈಡನ್ನು ಗುರುತಿಸಿತು. ಅದರ ಕೃತಕ ರೂಪವೇ ಝಿಕೊನೊಟೈಡ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರ ಡಿಸೆಂಬರಿನಲ್ಲಿ ಇದಕ್ಕೆ ಅನುಮತಿ ನೀಡಿತು. ಬೇರಾವ ಔಷಧಿಗೂ ಬಗ್ಗದ ತೀವ್ರ, ದೀರ್ಘಕಾಲದ ನೋವಿಗೆ ಮಾತ್ರ ಇದರ ಬಳಕೆ. ಮಾತ್ರೆಯಾಗಿ ನುಂಗಿದರೆ ಪ್ರಯೋಜನವಿಲ್ಲ. ಬೆನ್ನುಹುರಿಯ ದ್ರವಕ್ಕೆ ಪಂಪಿನ ಮೂಲಕ ಹನಿಹನಿಯಾಗಿ ಸೇರಿಸಬೇಕು. ತಲೆಸುತ್ತು, ಗೊಂದಲ, ಭ್ರಮೆಯಂತಹ ತೀವ್ರ ಮಾನಸಿಕ ಅಡ್ಡಪರಿಣಾಮಗಳ ಎಚ್ಚರಿಕೆಯೊಂದಿಗೇ ಅದನ್ನು ನೀಡಲಾಗುತ್ತದೆ.

ಝಿಕೊನೊಟೈಡ್ ನೋವಿನ ಸಂದೇಶ ಮೆದುಳನ್ನು ತಲುಪದಂತೆ ಕ್ಯಾಲ್ಸಿಯಂ ನಾಲೆಯನ್ನು ತಡೆಯುತ್ತದೆ. ಕೀಲಿನ ಬಾವನ್ನು ಅದು ಇಳಿಸುವುದಿಲ್ಲ. ಅಂದರೆ ಅದು ನೋವು ನಿವಾರಕವೇ ಹೊರತು ಉರಿಯೂತ ಶಾಮಕವಲ್ಲ.

ಪೆಪ್ಟೈಡುಗಳ ಹಾದಿಯಲ್ಲಿ ಸೋಲೂ ಇದೆ. ಆಸ್ಟ್ರೇಲಿಯಾದ 'ಕೋನಸ್ ವಿಕ್ಟೋರಿಯೇ' ಹುಳುವಿನಿಂದ ಪಡೆದ ವಿಸಿ1.1 ಎಂಬ ಪೆಪ್ಟೈಡು ಪ್ರಾಣಿಗಳಲ್ಲಿ ನೋವನ್ನು ಚೆನ್ನಾಗಿ ತಗ್ಗಿಸಿತ್ತು. ಮನುಷ್ಯರ ಮೇಲಿನ ಪರೀಕ್ಷೆಗಳೂ ಆರಂಭವಾಗಿದ್ದವು. ಆದರೆ ಇಲಿಯಲ್ಲಿನ ಗ್ರಾಹಕಕ್ಕೆ ಬಲವಾಗಿ ಅಂಟಿಕೊಳ್ಳುವ ಈ ಅಣು ಮನುಷ್ಯನ ಗ್ರಾಹಕಕ್ಕೆ ಅಷ್ಟಾಗಿ ಅಂಟುವುದಿಲ್ಲ ಎಂಬುದು ಬೆಳಕಿಗೆ ಬಂದು 2007ರಲ್ಲಿ ಆ ಯೋಜನೆ ಕೈಬಿಡಲಾಯಿತು. ಇಲಿಯ ಫಲಿತಾಂಶವನ್ನು ಔಷಧಿಯೆಂದು ಭಾವಿಸುವವರು ನೆನಪಿಡಬೇಕಾದ ಪ್ರಕರಣವಿದು.

ಕೊಚ್ಚಿಯ ಸಂಶೋಧನೆ ಮತ್ತು ಪಚ್ಚಿಲೆ

ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಕರ್ನಾಟಕದ ಮಂಗಳೂರು ಮತ್ತು ಕಾರವಾರಗಳಲ್ಲೂ ಕೇಂದ್ರಗಳಿವೆ. ಸಂಸ್ಥೆಯ ವಿಜ್ಞಾನಿ ಕಾಜಲ್ ಚಕ್ರವರ್ತಿ ಮತ್ತು ಸಂಗಡಿಗರು 2010ರ ದಶಕದಲ್ಲಿ ಭಾರತದ ತೀರದ 'ಬ್ಯಾಬಿಲೋನಿಯಾ ಸ್ಪೈರೇಟಾ' ಮುಂತಾದ ಬಸವನಹುಳುಗಳ ಮಾಂಸದಿಂದ ಹೊಸ ಸಂಯುಕ್ತಗಳನ್ನು ಬೇರ್ಪಡಿಸಿದರು. ಅವುಗಳಿಗೆ ಲಿಪಾಕ್ಸಿಜನೇಸ್ ಕಿಣ್ವವನ್ನು ತಡೆಯುವ ಗುಣವಿರುವುದನ್ನು ಪರೀಕ್ಷಾನಳಿಗೆಯ ಮಟ್ಟದಲ್ಲಿ ತೋರಿಸಿದರು.

ಇದೇ ಸಂಸ್ಥೆ ಪಚ್ಚಿಲೆಯ ಸಾರದಿಂದ ಸಂಧಿವಾತದವರಿಗಾಗಿ ಒಂದು ಪೌಷ್ಟಿಕ ಉತ್ಪನ್ನವನ್ನೂ ರೂಪಿಸಿದೆ. 2010ರ ದಶಕದ ಆರಂಭದಲ್ಲಿ 'ಕಡಲ್‌ಮಿನ್' ಹೆಸರಿನಲ್ಲಿ ಅದು ಹೊರಬಂದಿತು. ಸೈಕ್ಲೋಆಕ್ಸಿಜನೇಸ್ ಮತ್ತು ಲಿಪಾಕ್ಸಿಜನೇಸ್ ಎರಡನ್ನೂ ತಡೆಯುವುದು ಅದರ ವೈಶಿಷ್ಟ್ಯ ಎಂದು ಸಂಸ್ಥೆ ಹೇಳುತ್ತದೆ. ಮೂಲ್ಕಿಯ ಸುತ್ತಮುತ್ತ ಹಾಗೂ ಕಾಸರಗೋಡು ಜಿಲ್ಲೆಯ ಪಡನ್ನ ಹಿನ್ನೀರಿನಲ್ಲಿ ಪಚ್ಚಿಲೆ ಕೃಷಿ ನಡೆಯುವುದರಿಂದ ಕಚ್ಚಾವಸ್ತುವಿಗೆ ಕಾಡುಜೀವಿಗಳನ್ನು ಅವಲಂಬಿಸಬೇಕಿಲ್ಲ. ನ್ಯೂಜಿಲೆಂಡ್‌ನಲ್ಲಿ ಅಲ್ಲಿನ ಹಸಿರು ತುಟಿಯ ಪಚ್ಚಿಲೆಯ ಸಾರ ಇದಕ್ಕೂ ಮೊದಲೇ ಮಾರುಕಟ್ಟೆಗೆ ಬಂದಿತ್ತು. ಮನುಷ್ಯರ ಮೇಲೆ ನಡೆದ ಅದರ ಪರೀಕ್ಷೆಗಳಲ್ಲಿ ಕೆಲವು ಪ್ರಯೋಜನ ತೋರಿಸಿವೆ, ಕೆಲವು ತೋರಿಸಿಲ್ಲ. ಆದರೂ ಮೃದ್ವಂಗಿಗಳ ಉರಿಯೂತ ಶಾಮಕ ಸಾರಗಳ ಪೈಕಿ ಮನುಷ್ಯರವರೆಗೆ ಬಂದವು ಮುಖ್ಯವಾಗಿ ಪಚ್ಚಿಲೆಯವೇ. ಬಸವನಹುಳುವಿನ ಸಾರ ಇನ್ನೂ ಕೋಶ ಮತ್ತು ಇಲಿಯ ಹಂತದಲ್ಲಿದೆ.

ಸಾರದಿಂದ ಔಷಧಿಯವರೆಗೆ

ಸಂಶೋಧನಾ ವರದಿಗಳನ್ನು ಓದುವವರಿಗೆ ಹಂತಗಳ ಅರಿವಿರುವುದು ಅಗತ್ಯ. ಮೊದಲು ಹುಳುವಿನ ಅಂಗಾಂಶವನ್ನು ಮೆಥನಾಲ್, ಕ್ಲೋರೋಫಾರ್ಮ್‌ನಂತಹ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯಲಾಗುತ್ತದೆ. ಈ ಕಚ್ಚಾ ಸಾರದಲ್ಲಿ ನೂರಾರು ಸಂಯುಕ್ತಗಳಿರುತ್ತವೆ. ಹುಳುವಿನ ಆಹಾರ, ಋತು, ಗಂಡು-ಹೆಣ್ಣು ಭೇದ, ನೀರಿನ ಗುಣ ಇವುಗಳಿಗೆ ತಕ್ಕಂತೆ ಅದರ ಸಂಯೋಜನೆ ಬದಲಾಗುತ್ತದೆ.

ಎರಡನೆಯ ಹಂತ ಕೋಶಗಳ ಮೇಲಿನ ಪರೀಕ್ಷೆ. ಇಲ್ಲೊಂದು ಮೋಸದ ಸಾಧ್ಯತೆಯಿದೆ. ಸಾರವು ವಿಷಕಾರಿಯಾಗಿ ಕೋಶಗಳನ್ನೇ ಕೊಂದರೂ ನೈಟ್ರಿಕ್ ಆಕ್ಸೈಡ್ ಪ್ರಮಾಣ ಇಳಿಯುತ್ತದೆ. ಸತ್ತ ಕೋಶಕ್ಕೆ ಉರಿಯೂತವಿಲ್ಲ. ಆದ್ದರಿಂದ ಕೋಶಗಳು ಜೀವಂತವಾಗಿವೆಯೇ ಎಂಬ ಪರೀಕ್ಷೆಯನ್ನೂ ಜೊತೆಗೆ ನಡೆಸಿದ ವರದಿಗೆ ಮಾತ್ರ ಬೆಲೆ.

ಮೂರನೆಯದು ಪ್ರಾಣಿಗಳ ಮೇಲಿನ ಪ್ರಯೋಗ. ಕಡಲಕಳೆಯಿಂದ ತೆಗೆದ ಕ್ಯಾರಜೀನನ್ ಎಂಬ ವಸ್ತುವನ್ನು ಇಲಿಯ ಪಾದಕ್ಕೆ ಚುಚ್ಚಿ ಬಾವು ಬರಿಸಿ, ಔಷಧಿಯಿಂದ ಅದು ಎಷ್ಟು ತಗ್ಗಿತು ಎಂದು ಅಳೆಯುವ ವಿಧಾನ 1962ರಿಂದ ಪ್ರಚಲಿತ. ಇದು ಕೆಲವೇ ಗಂಟೆಗಳ ಬಾವು. ವರ್ಷಗಟ್ಟಲೆ ಕಾಡುವ ಸಂಧಿವಾತದ ಪ್ರತಿರೂಪವಲ್ಲ.

ಇವೆಲ್ಲ ದಾಟಿದ ಮೇಲೆ ಮನುಷ್ಯರ ಮೇಲಿನ ಮೂರು ಹಂತದ ಪರೀಕ್ಷೆಗಳು. ಮೊದಲನೆಯದರಲ್ಲಿ ಸುರಕ್ಷತೆ, ಎರಡನೆಯದರಲ್ಲಿ ಪ್ರಮಾಣ ಮತ್ತು ಪರಿಣಾಮ, ಮೂರನೆಯದರಲ್ಲಿ ಈಗಿರುವ ಚಿಕಿತ್ಸೆಯೊಂದಿಗೆ ಹೋಲಿಕೆ. ಭಾರತದಲ್ಲಿ ಇವು 2019ರ ಹೊಸ ಔಷಧಿ ಮತ್ತು ಚಿಕಿತ್ಸಾ ಪರೀಕ್ಷೆಗಳ ನಿಯಮಗಳಿಗೆ ಒಳಪಟ್ಟಿವೆ. ಆಹಾರ ಪೂರಕವೆಂದು ಮಾರುವ ಉತ್ಪನ್ನಗಳಿಗೆ ಇಷ್ಟು ಕಠಿಣ ಪರೀಕ್ಷೆಯ ಹಂಗಿಲ್ಲ. ಅದೇ ಕಾರಣಕ್ಕೆ ಅವು ರೋಗ ಗುಣಪಡಿಸುತ್ತವೆ ಎಂದು ಹೇಳಿಕೊಳ್ಳುವಂತೆಯೂ ಇಲ್ಲ.

ಅಪಾಯಗಳು

ಸ್ವಾಭಾವಿಕವಾದುದೆಲ್ಲ ನಿರಪಾಯಕಾರಿ ಎಂಬ ನಂಬಿಕೆಗೆ ಕಡಲ ಬಸವನಹುಳು ತಕ್ಕ ಉತ್ತರ. ಮ್ಯೂರಿಸಿಡೇ ಹುಳುಗಳ ಅದೇ ಗ್ರಂಥಿಯಲ್ಲಿ ಮ್ಯೂರೆಕ್ಸಿನ್ ಎಂಬ, ಸ್ನಾಯುಗಳನ್ನು ನಿಷ್ಕ್ರಿಯಗೊಳಿಸಬಲ್ಲ ವಸ್ತುವೂ ಇದೆ. ಉಪಯುಕ್ತ ಇಂಡೋಲ್‌ಗಳನ್ನು ಅದರಿಂದ ಬೇರ್ಪಡಿಸುವುದೇ ಸಂಶೋಧಕರ ಮುಖ್ಯ ಕೆಲಸಗಳಲ್ಲೊಂದು. ಕೆಲವು ದೊಡ್ಡ ಕಡಲ ಹುಳುಗಳ ಲಾಲಾಗ್ರಂಥಿಯಲ್ಲಿನ ಟೆಟ್ರಮೈನ್ ವಿಷದಿಂದ ಜಪಾನಿನಲ್ಲಿ ತಿಂದವರು ಅಸ್ವಸ್ಥರಾದ ಪ್ರಕರಣಗಳಿವೆ. ಮೃದ್ವಂಗಿಗಳು ನೀರಿನಲ್ಲಿರುವ ಕ್ಯಾಡ್ಮಿಯಂನಂತಹ ಭಾರಲೋಹಗಳನ್ನು ದೇಹದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಸಿಗಡಿ, ಏಡಿ, ಚಿಪ್ಪುಮೀನಿಗೆ ಅಲರ್ಜಿ ಇರುವವರಿಗೆ ಇವುಗಳ ಸಾರವೂ ಒಗ್ಗದಿರಬಹುದು.

ಗೋಕರ್ಣ, ಮುರ್ಡೇಶ್ವರ, ಮಲ್ಪೆಯಂತಹ ಕಡಲತೀರಗಳಿಗೆ ಪ್ರವಾಸ ಹೋಗುವವರು ಅಂದದ ಶಂಕುಚಿಪ್ಪನ್ನು ಜೀವಂತ ಹುಳುವಿರುವಾಗ ಬರಿಗೈಯಲ್ಲಿ ಎತ್ತಿಕೊಳ್ಳಬಾರದು. 'ಕೋನಸ್ ಜಿಯೋಗ್ರಾಫಸ್' ಎಂಬ ಜಾತಿಯ ಚುಚ್ಚುವಿಕೆಯಿಂದ ಮನುಷ್ಯರು ಸತ್ತದ್ದಿದೆ. ಇದಕ್ಕೆ ಪ್ರತಿವಿಷ ಇಲ್ಲ.

ಕಡಲ ಹುಳುವಿನ ಸುದ್ದಿ ಕೇಳಿ ತೋಟದ ಬಸವನಹುಳುವನ್ನು ಮನೆಮದ್ದಾಗಿ ಬಳಸುವುದು ಇನ್ನೂ ಅಪಾಯಕಾರಿ. ಅಡಿಕೆ ತೋಟಗಳಿಗೆ ಪಿಡುಗಾಗಿರುವ ಆಫ್ರಿಕಾ ಮೂಲದ ದೈತ್ಯ ಬಸವನಹುಳು, ಮನುಷ್ಯನ ಮೆದುಳುಪೊರೆಯ ಉರಿಯೂತಕ್ಕೆ ಕಾರಣವಾಗುವ ಪರಾವಲಂಬಿ ಜಂತುವನ್ನು ಹೊತ್ತಿರುವ ಸಾಧ್ಯತೆಯಿದೆ. ಉರಿಯೂತ ಇಳಿಸಲು ಹೋಗಿ ಉರಿಯೂತವನ್ನೇ ತಂದುಕೊಂಡಂತಾದೀತು.

ಕಾನೂನಿನ ಕಾವಲು

ಬೇಡಿಕೆ ಹೆಚ್ಚಿದಂತೆ ಜೀವಿಗಳ ಅಳಿವಿನ ಭೀತಿಯೂ ಹೆಚ್ಚುತ್ತದೆ. 12,000 ಹುಳುಗಳಿಗೆ 1.4 ಗ್ರಾಂ ಎಂಬ ಫ್ರೀಡ್‌ಲೆಂಡರ್ ಲೆಕ್ಕ ಇಲ್ಲಿ ಮತ್ತೆ ನೆನಪಾಗುತ್ತದೆ. ಕೇಂದ್ರ ಸರ್ಕಾರ 2001ರಲ್ಲಿ 24 ಜಾತಿಯ ಮೃದ್ವಂಗಿಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಿಗೆ ಸೇರಿಸಿತು. ಶಂಕುಚಿಪ್ಪಿನ 'ಕೋನಸ್ ಮಿಲ್ನೆಎಡ್ವರ್ಡ್ಸಿ', ಮ್ಯೂರಿಸಿಡೇ ಕುಟುಂಬದ ದೊಡ್ಡ ಹುಳುವಾದ 'ಚಿಕೋರಿಯಸ್ ರಮೋಸಸ್' ಈ ಪಟ್ಟಿಯಲ್ಲಿದ್ದವು. ಕಾಯ್ದೆಯ ಅನುಸೂಚಿಗಳನ್ನು 2022ರ ತಿದ್ದುಪಡಿಯಲ್ಲಿ ಮರುರಚಿಸಲಾಗಿದೆ. ಜೈವಿಕ ಸಂಪನ್ಮೂಲವನ್ನು ವಾಣಿಜ್ಯಕ್ಕೆ ಬಳಸುವವರಿಗೆ 2002ರ ಜೀವವೈವಿಧ್ಯ ಕಾಯ್ದೆಯ ಕಟ್ಟುಪಾಡುಗಳೂ ಅನ್ವಯಿಸುತ್ತವೆ. ಅಣುವನ್ನು ಗುರುತಿಸಿ ಕೃತಕವಾಗಿ ತಯಾರಿಸುವ ಹಾದಿ ರೋಗಿಗೂ ಹುಳುವಿಗೂ ಹಿತವಾದದ್ದು. ಝಿಕೊನೊಟೈಡ್ ವಿಷಯದಲ್ಲಿ ಆದದ್ದೂ ಅದೇ.

ದುರ್ಗದ ಕೀಲುನೋವು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಓದುಗರಿಗೆ ಈ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ಬಹುಕಾಲದಿಂದ ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರಬಾರದು. ಅದಕ್ಕಿಂತ ಹೆಚ್ಚಿನ ಪ್ರಮಾಣವನ್ನು ವರ್ಷಗಟ್ಟಲೆ ಸೇವಿಸಿದವರಿಗೆ ಬೆನ್ನು, ಕತ್ತು, ಮಂಡಿ ಬಿಗಿದು ಸಂಧಿವಾತದಂತೆಯೇ ತೋರುವ ತೊಂದರೆ ಬರುತ್ತದೆ. ಅದಕ್ಕೆ ಕಡಲ ಸಾರವಾಗಲೀ ನೋವಿನ ಮಾತ್ರೆಯಾಗಲೀ ಪರಿಹಾರವಲ್ಲ. ಕುಡಿಯುವ ನೀರು ಬದಲಾಗಬೇಕು.

2006ರಲ್ಲಿ ರಾಜ್ಯದ ಹಲವು ಜಿಲ್ಲೆಗಳಂತೆ ಚಿತ್ರದುರ್ಗವನ್ನೂ ಕಾಡಿದ ಚಿಕೂನ್‌ಗುನ್ಯ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೀಲುನೋವನ್ನು ಉಳಿಸಿಹೋಗಿತ್ತು. ಅದು ವೈರಾಣುವಿನಿಂದ ಪ್ರಚೋದಿತವಾದ ಉರಿಯೂತ. ರುಮಟಾಯ್ಡ್ ಸಂಧಿವಾತ ಮತ್ತೊಂದು ಬಗೆ. ಅದರಲ್ಲಿ ಆರಂಭದಲ್ಲೇ ಮೆಥೋಟ್ರೆಕ್ಸೇಟ್‌ನಂತಹ ಔಷಧಿ ದೊರೆತರೆ ಕೀಲು ವಿಕಾರವಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಪೂರಕಗಳನ್ನು ನಂಬಿ ಕಳೆದ ತಿಂಗಳುಗಳಲ್ಲಿ ಸವೆದ ಮೂಳೆ ಮರಳಿ ಬರುವುದಿಲ್ಲ. ಹೀಗೆ ಒಂದೇ 'ಕೀಲುನೋವು' ಎಂಬ ದೂರಿನ ಹಿಂದೆ ಮೂರು ಬೇರೆ ಕಾರಣಗಳಿರುವಾಗ, ಮದ್ದಿಗಿಂತ ಮೊದಲು ಬೇಕಾದದ್ದು ಸರಿಯಾದ ರೋಗನಿರ್ಣಯ.

ಮುಂದೇನು?

ಒಟ್ಟಾರೆ ನೋಡಿದರೆ ಕಡಲ ಬಸವನಹುಳುವಿನ ಉರಿಯೂತ ಶಾಮಕ ಸಾಮರ್ಥ್ಯ ಕಟ್ಟುಕಥೆಯಲ್ಲ. ಬ್ರೋಮಿನ್ ಇಂಡೋಲ್‌ಗಳ ಗುಣ ಕೋಶದಲ್ಲೂ ಇಲಿಯಲ್ಲೂ ಕಂಡಿದೆ. ಭಾರತದ ತೀರದ ಹುಳುಗಳಲ್ಲೂ ಕಿಣ್ವ ತಡೆಯುವ ಸಂಯುಕ್ತಗಳು ದೊರೆತಿವೆ. ಆದರೆ ಬಸವನಹುಳುವಿನಿಂದ ಬಂದು, ಮನುಷ್ಯರ ಮೇಲಿನ ಪರೀಕ್ಷೆಗಳನ್ನು ದಾಟಿ, ಉರಿಯೂತಕ್ಕೆಂದೇ ಅನುಮತಿ ಪಡೆದ ಔಷಧಿ ಇನ್ನೂ ಇಲ್ಲ. ದಾಟಿ ಬಂದ ಝಿಕೊನೊಟೈಡ್ ನೋವಿಗೆ ಸೀಮಿತ.

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಅವಕಾಶಗಳಿವೆ. ಬೆಂಗಳೂರಿನ ಸಂಸ್ಥೆಗಳಲ್ಲಿ ಅಣುಗಳ ರಚನೆ ಬಿಡಿಸುವ ಪರಿಣತಿಯಿದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ. ಕಲ್ಲು ದಂಡೆಯಲ್ಲಿ ಹುಳುಗಳಿವೆ. ಇವು ಮೂರೂ ಒಂದೆಡೆ ಸೇರಿದರೆ ನಮ್ಮದೇ ತೀರದ ಜಾತಿಗಳ ಪರೀಕ್ಷೆ ಇನ್ನಷ್ಟು ಮುಂದುವರಿಯಬಹುದು. ಅಲ್ಲಿಯವರೆಗೆ ಅಂಗಡಿಯ ಕಪಾಟಿನಲ್ಲಿ 'ಕಡಲ ಬಸವನಹುಳುವಿನ ಸಾರ' ಎಂಬ ಚೀಟಿ ಕಂಡವರು ಕೇಳಬೇಕಾದ ಪ್ರಶ್ನೆ ಒಂದೇ: ಇದು ಭಸ್ಮವೋ, ಸಾರವೋ, ಶುದ್ಧ ಅಣುವೋ, ಮತ್ತು ಇದನ್ನು ಪರೀಕ್ಷಿಸಿದ್ದು ಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ? ಉತ್ತರ ದೊರೆಯದಿದ್ದರೆ ಹಣವನ್ನು ವೈದ್ಯರ ಸಲಹೆಗೂ ಕುಡಿಯುವ ನೀರಿನ ಪರೀಕ್ಷೆಗೂ ಉಳಿಸಿಕೊಳ್ಳುವುದು ಲೇಸು.